ಆನ್‌ಲೈನ್‌ನಲ್ಲಿ ಹಳೆಯ ಕಾರು: ಟೋಕನ್ ಕೊಡುವ ಮುನ್ನ

ತುಮಕೂರಿನಲ್ಲಿ ನನ್ನದೊಂದು ಗ್ಯಾರೇಜ್ ಇದೆ. ಸಂಜೆ ಷಟರ್ ಎಳೆಯುವ ಹೊತ್ತಿಗೆ ಪರಿಚಯದವರ ವಾಟ್ಸ್‌ಆ್ಯಪ್ ಶುರುವಾಗುತ್ತದೆ: ‘ಅಣ್ಣ, ಈ ಕಾರು ಹೇಗಿದೆ ನೋಡಿ ಹೇಳಿ.’ ಫೋಟೊ ನೋಡಿ ಎಂಜಿನ್ನಿನ ಆರೋಗ್ಯ ಹೇಳುವ ವಿದ್ಯೆ ನನಗೆ ಬಾರದು. ಆದರೆ ಜಾಹೀರಾತಿನ ಬಂಡವಾಳ ಎಷ್ಟೋ ಸಲ ಕಾರಿನ ಹಿಂದಿನ ಗೋಡೆಯಲ್ಲೇ ಬಯಲಾಗುತ್ತದೆ. ಮಾರುವವರು ಗುಬ್ಬಿಯವರಂತೆ, ಹಿಂದಿನ ಅಂಗಡಿಯ ಫಲಕ ಗುಜರಾತಿಯಲ್ಲಿದೆ! ನಂಬರ್ ಪ್ಲೇಟ್ ಮಸುಕಾಗಿಸಿದ್ದರೆ ಪೂರ್ತಿ ನಂಬರ್ ಕೇಳಿ. ಕೊಡಲು ಮೀನಮೇಷ ಎಣಿಸಿದರೆ ಆ ಕಾರಿನ ಆಸೆ ಬಿಡಿ.

ಇನ್ನು ‘ಸೈನಿಕ’ರ ಕಥೆ. ಐದು ಲಕ್ಷ ಬೆಲೆಬಾಳುವ ಕಾರು ಎರಡು ಲಕ್ಷಕ್ಕೆ. ಸೇನೆಯಲ್ಲಿದ್ದೇನೆ, ಕಾಶ್ಮೀರಕ್ಕೆ ವರ್ಗವಾಗಿದೆ, ಕಾರು ಬೆಂಗಳೂರು ವಿಮಾನ ನಿಲ್ದಾಣದ ಪಾರ್ಕಿಂಗಿನಲ್ಲಿದೆ ಎನ್ನುತ್ತಾನೆ. ನಂಬಿಕೆ ಬರಲೆಂದು ಸಮವಸ್ತ್ರದ ಫೋಟೊ, ಕ್ಯಾಂಟೀನ್ ಕಾರ್ಡು, ಆಧಾರ್ ಎಲ್ಲವೂ ಬರುತ್ತವೆ. ಅವು ಯಾವುದೋ ಪಾಪದ ಸೈನಿಕನಿಂದ ಕದ್ದವು. ಮೊದಲು ಗೇಟ್ ಪಾಸಿಗೆ ಹಣ, ಆಮೇಲೆ ಸಾಗಣೆಗೆ, ಆಮೇಲೆ ‘ವಾಪಸ್ ಬರುವ ಠೇವಣಿ’ಗೆ. ಕಾರು ಮಾತ್ರ ಬರುವುದಿಲ್ಲ. ಹಾಗಾಗಿ ಕಣ್ಣಾರೆ ನೋಡದ ಗಾಡಿಗೆ ಐನೂರು ರೂಪಾಯಿ ಟೋಕನ್ನನ್ನೂ ಕೊಡಬೇಡಿ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ವಾಪಸ್ ಬರುತ್ತದೆ ಎಂದರೆ ಫೋನ್ ಇಟ್ಟುಬಿಡಿ; ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಹಣ ಹೋಗಿಯೇಬಿಟ್ಟಿದ್ದರೆ ನಾಚಿಕೆ ಬದಿಗಿಟ್ಟು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಗಂಟೆ ಕಳೆದಷ್ಟೂ ಆ ಹಣ ಖಾತೆಯಿಂದ ಖಾತೆಗೆ ಹಾರುತ್ತಿರುತ್ತದೆ.

ನಂಬರ್ ಸಿಕ್ಕಿತೆನ್ನಿ. ಕೇಂದ್ರ ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ಹಾಕಿ ನೋಡಿ. ಎಂಪರಿವಾಹನ್ ಆ್ಯಪ್ ಬೇಕಿದ್ದರೆ ಪ್ಲೇ ಸ್ಟೋರಿನಿಂದಲೇ ಇಳಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ (ಆ್ಯಪ್ ಅಳವಡಿಸುವ) ಕಡತ ಮುಟ್ಟಿದರೆ ಅದೇ ಇನ್ನೊಂದು ಮೋಸ. ಎಷ್ಟನೇ ಮಾಲೀಕ, ವಿಮೆ ಎಲ್ಲಿಯವರೆಗೆ, ಸಾಲ ಕೊಟ್ಟ ಬ್ಯಾಂಕಿನ ಹೆಸರು ಇನ್ನೂ ಇದೆಯೇ ನೋಡಿ. ಸಾಲವಿದ್ದರೆ ಮಾರುವವರ ಜೊತೆಗೇ ಬ್ಯಾಂಕಿಗೆ ಹೋಗಿ, ಬಾಕಿಯನ್ನು ನೇರವಾಗಿ ಸಾಲದ ಖಾತೆಗೆ ಕಟ್ಟಿಸಿ. ನಮೂನೆ 35 ಮತ್ತು ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಇಲ್ಲದೆ ಆ ಹೆಸರು ಆರ್‌ಸಿಯಿಂದ (ನೋಂದಣಿ ಪತ್ರದಿಂದ) ಹೋಗುವುದಿಲ್ಲ. ಟ್ರಾಫಿಕ್ ದಂಡದ ಬಾಕಿಯಿದ್ದರೆ ಅದನ್ನೂ ಮಾರುವವರಿಂದ ಮೊದಲೇ ತೀರಿಸಿಕೊಳ್ಳಿ.

ಕಾರಿನ ಮುಂದೆ ನಿಂತಾಗ ಎಲ್ಲರೂ ಮೊದಲು ಸ್ಟಾರ್ಟ್ ಮಾಡುತ್ತಾರೆ. ನಾನು ಬಾನೆಟ್ ಎತ್ತಿ ಛಾಸಿ ನಂಬರ್ ಹುಡುಕುತ್ತೇನೆ. ಕೆಲವು ಕಾರುಗಳಲ್ಲಿ ಎಂಜಿನ್ ಹಿಂದಿನ ತಗಡಿನ ಮೇಲೆ, ಕೆಲವದರಲ್ಲಿ ಮುಂದಿನ ಸೀಟಿನ ಕೆಳಗೆ, ಕಾರ್ಪೆಟ್ ಸರಿಸಿದರೆ ಸಿಗುತ್ತದೆ. ಬಟ್ಟೆಯಿಂದ ಒರೆಸಿ, ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ. ಹದಿನೇಳೂ ಅಕ್ಷರ ಅಂಕಿಗಳನ್ನು ಅಸಲಿ ಆರ್‌ಸಿಯ ಜೊತೆ ಒಂದೊಂದಾಗಿ ತಾಳೆ ನೋಡಿ. ಒಂದು ಅಂಕಿ ಮೇಲೆ, ಇನ್ನೊಂದು ಕೆಳಗೆ ಕುಣಿಯುತ್ತಿದ್ದರೆ, ಸುತ್ತಲಿನ ತಗಡು ಉಜ್ಜಿ ತೆಳುವಾಗಿದ್ದರೆ, ಅಲ್ಲಿ ಮಾತ್ರ ಹೊಸ ಬಣ್ಣವಿದ್ದರೆ ಚೌಕಾಸಿಗೆ ಇಳಿಯದೆ ಹೊರಟುಬಿಡಿ. ಕದ್ದ ಕಾರಿಗೆ ಅಗ್ಗದ ಬೆಲೆ ಎಂಬುದೇ ಇಲ್ಲ.

ಮೀಟರನ್ನು ನಾನು ನಂಬುವುದಿಲ್ಲ. ಲ್ಯಾಪ್‌ಟಾಪ್ ಜೋಡಿಸಿ ಹಿಂದಕ್ಕೆ ತಿರುಗಿಸುವವರು ಎಲ್ಲ ಊರಲ್ಲೂ ಇದ್ದಾರೆ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ: 3219 ಎಂದಿದ್ದರೆ 2019ರ 32ನೇ ವಾರ ತಯಾರಾದದ್ದು. 2016ರ ಕಾರು, ಮೀಟರಿನಲ್ಲಿ ಇಪ್ಪತ್ತು ಸಾವಿರ ಕಿಲೋಮೀಟರ್, ಆದರೂ ನಾಲ್ಕೂ ಟಯರ್ 2019ರವು ಎಂದರೆ, ಅಷ್ಟು ಕಡಿಮೆ ಓಡಿದ ಕಾರಿಗೆ ಹೊಸ ಟಯರ್ ಏಕೆ ಬೇಕಾಯಿತೆಂದು ಕೇಳಿ. ಬ್ರೇಕ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿದೆಯೇ ನೋಡಿ. ಕಂಪನಿ ಸರ್ವಿಸ್ ಕೇಂದ್ರದ ಹಳೆಯ ಬಿಲ್ಲುಗಳನ್ನೂ ತರಿಸಿ. ನೆರೆಯಲ್ಲಿ ಮುಳುಗಿದ ಕಾರೇ ಎಂದು ತಿಳಿಯಲು ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಮಣ್ಣಿನ ಗೆರೆ ಅಲ್ಲಿ ಉಳಿದಿರಬಹುದು. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ, ಕೆಳಗಿನ ಗುಂಡಿಯಲ್ಲಿ ತುಕ್ಕು, ಕೆಸರು ಇದೆಯೇ ಎಂದು ಬೆರಳಾಡಿಸಿ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನಲ್ಲಿ ಎಂಥೆಂಥ ದುಬಾರಿ ಕಾರುಗಳು ನೀರು ಕುಡಿದವು ಎಂಬುದನ್ನು ಟಿವಿಯಲ್ಲಿ ನೋಡಿದ್ದೀರಿ.

ದೆಹಲಿಯ ಡೀಸೆಲ್ ಕಾರು ಅಗ್ಗ ಎಂದು ಹಿಗ್ಗುವವರು ಇದ್ದಾರೆ. ಅಲ್ಲಿ ಹಳೆಯ ಡೀಸೆಲ್ ಗಾಡಿಗಳಿಗೆ ತೊಡಕು, ಅದಕ್ಕೇ ಈ ಕಡೆ ಬರುತ್ತವೆ. ಅಲ್ಲಿನ ಎನ್‌ಒಸಿ, ಇಲ್ಲಿನ ಜೀವಿತಾವಧಿ ತೆರಿಗೆ ಎರಡನ್ನೂ ಆರ್‌ಟಿಒದಲ್ಲಿ ವಿಚಾರಿಸಿ, ಕೂಡಿಸಿ, ಆಮೇಲೆ ಅಗ್ಗವೋ ಅಲ್ಲವೋ ಹೇಳಿ.

ವ್ಯಾಪಾರ ಕುದುರಿದರೆ ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಆರ್‌ಸಿಯಲ್ಲಿ ಹೆಸರಿರುವವರೇ ನಿಮ್ಮೆದುರು ಸಹಿ ಹಾಕಲಿ. ‘ಅಣ್ಣನ ಕಾರು, ಅವನು ದುಬೈಯಲ್ಲಿದ್ದಾನೆ’ ಎಂಬುದು ನಡೆಯದು. ಹಣವೂ ಅದೇ ಹೆಸರಿನ ಖಾತೆಗೆ ಹೋಗಲಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಗಾಜಿನ ಮೇಲಿನ ಹಳೆಯ ಫಾಸ್ಟ್ಯಾಗನ್ನು ಮಾರಿದವರಿಂದಲೇ ರದ್ದು ಮಾಡಿಸಿ, ಕೀಲಿ ತೆಗೆದುಕೊಳ್ಳುವಾಗ ಎರಡನೆಯ ಕೀಲಿಯನ್ನೂ ಕೇಳಿ ಪಡೆಯಿರಿ.