ಏಳು ಸೀಟಿನ ಐಷಾರಾಮಿ ಎಸ್‌ಯುವಿಗೆ ಟೈರು, ಚಕ್ರ ಆರಿಸುವುದು ಹೇಗೆ?

ಕೋಲಾರದ ಕಡೆ ಮೂರು ಸಾಲಿನ ಐಷಾರಾಮಿ ಎಸ್‌ಯುವಿ ಇಟ್ಟುಕೊಂಡವರಲ್ಲಿ ಹೆಚ್ಚಿನವರು ವಾರವಿಡೀ ಒಬ್ಬರೇ ಬೆಂಗಳೂರಿಗೆ ಹೋಗಿ ಬರುತ್ತಾರೆ. ಟೈರಿಗೆ ನಿಜವಾದ ಪರೀಕ್ಷೆ ಎದುರಾಗುವುದು ಮನೆಮಂದಿಯೆಲ್ಲ ಮುಳಬಾಗಿಲು ದಾಟಿ ತಿರುಪತಿಗೆ ಹೊರಟ ದಿನ. ಏಳು ಜನ, ಅವರ ಸಾಮಾನು ಸೇರಿದರೆ ಐದು ಕ್ವಿಂಟಲ್ ದಾಟುತ್ತದೆ. ಮೂರನೇ ಸಾಲಿನ ತೂಕ, ಡಿಕ್ಕಿಯ ತೂಕ ಎರಡೂ ಬೀಳುವುದು ಹಿಂದಿನ ಚಕ್ರಗಳ ಮೇಲೆಯೇ. ಆ ದಿನಕ್ಕೆ ತಕ್ಕ ಟೈರನ್ನು ಆರಿಸಬೇಕು.

ಅಂಗಡಿಗೆ ಹೋಗುವ ಮೊದಲು ಚಾಲಕನ ಬಾಗಿಲು ತೆರೆದು ಕಂಬದ ಮೇಲಿನ ಚೀಟಿ ಓದಿ. ಕೆಲವು ಗಾಡಿಗಳಲ್ಲಿ ಅದು ಇಂಧನದ ಮುಚ್ಚಳದ ಒಳಬದಿಯಲ್ಲಿರುತ್ತದೆ. ಕಂಪನಿ ಒಪ್ಪಿದ ಅಳತೆ, ಗಾಳಿಯ ಒತ್ತಡ ಅಲ್ಲಿರುತ್ತವೆ. ತುಂಬಿದ ಗಾಡಿಗೆ ಒತ್ತಡ ಬೇರೆಯೇ ಬರೆದಿರುವುದೂ ಉಂಟು. ನಂತರ ಈಗಿರುವ ಟೈರಿನ ಪಕ್ಕದ ಬರಹ ನೋಡಿ. 255/55 ಆರ್19 111ಡಬ್ಲ್ಯೂ ಎಂದಿದ್ದರೆ ಅಗಲ 255 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 55, ರಿಮ್ 19 ಇಂಚು. 111 ಎಂದರೆ ಒಂದು ಟೈರು 1,090 ಕೆ.ಜಿ. ಹೊರಬಲ್ಲದು, 109 ಆದರೆ 1,030. ಡಬ್ಲ್ಯೂ ಎಂದರೆ ಟೈರು ತಾಳುವ ಗರಿಷ್ಠ ವೇಗ ಗಂಟೆಗೆ 270 ಕಿ.ಮೀ. ನಮ್ಮಲ್ಲಿ ಆ ವೇಗ ಯಾರಿಗೂ ಬೇಡ, ಆದರೂ ಕಂಪನಿ ಹೇಳಿದ ಅಕ್ಷರಕ್ಕಿಂತ ಕೆಳಗಿಳಿಯಬೇಡಿ. ಟೈರು ಬಿಸಿ ತಡೆಯುವ ಶಕ್ತಿಯ ಸುಳಿವೂ ಅದರಲ್ಲಿದೆ.

ಇನ್ನು ರಿಮ್ಮಿನ ಅಳತೆ. ಜನ ಹಣ ಸುರಿಯುವುದೂ, ಆಮೇಲೆ ಪರಿತಪಿಸುವುದೂ ಇಲ್ಲಿಯೇ. 255/55 ಆರ್19 ಮತ್ತು 285/40 ಆರ್21 ಟೈರುಗಳ ಒಟ್ಟು ವ್ಯಾಸ ಹೆಚ್ಚುಕಡಿಮೆ ಒಂದೇ, ಸುಮಾರು 76 ಸೆಂ.ಮೀ. ಆದರೆ ಮೊದಲನೆಯದರ ಪಕ್ಕದ ಗೋಡೆ 140 ಮಿ.ಮೀ., ಎರಡನೆಯದರದು 114. ಗುಂಡಿಗೆ ಬಿದ್ದಾಗ ಪೆಟ್ಟು ನುಂಗುವುದು ಆ ಗೋಡೆಯೇ. ಅದು ಗಿಡ್ಡವಾದಷ್ಟೂ ಟೈರಿನ ಪಕ್ಕ ಉಬ್ಬುವ, ಅಲಾಯ್ ಸೀಳುವ ಸಂಭವ ಹೆಚ್ಚು. ಹೆದ್ದಾರಿ ನುಣುಪಾಗಿದೆ ನಿಜ; ಊರಿನ ದಾರಿಗೆ ತಿರುಗಿದ ಮೇಲೆ ಜಲ್ಲಿ ಟಿಪ್ಪರುಗಳು ಕಿತ್ತ ಅಂಚು, ಬಣ್ಣವಿಲ್ಲದ ಹಂಪು ಎದುರಾಗುತ್ತವೆ. ಸುಗ್ಗಿಯಲ್ಲಿ ಒಕ್ಕಣೆಗೆಂದು ರಸ್ತೆಗೆ ಹರಡಿದ ರಾಗಿ, ಹುರುಳಿಯ ಕೆಳಗೆ ಗುಂಡಿ ಇದೆಯೋ ಇಲ್ಲವೋ ದೇವರಿಗೇ ಗೊತ್ತು. ನನ್ನನ್ನು ಕೇಳಿದರೆ, ಕಂಪನಿ ಒಪ್ಪಿದ ಅಳತೆಗಳಲ್ಲಿ ಅತಿ ಚಿಕ್ಕ ರಿಮ್ಮೇ ಈ ಜಿಲ್ಲೆಗೆ ಸರಿ. ಮದುವೆ ಮಂಟಪದ ಮುಂದೆ ಗಾಡಿ ತುಸು ಸಪ್ಪೆಯಾಗಿ ಕಂಡರೆ ಕಾಣಲಿ.

ಹೊಸ ಅಲಾಯ್ ಕೊಳ್ಳುವುದಾದರೆ ಐದು ತೂತುಗಳನ್ನು ಎಣಿಸಿ ತೃಪ್ತರಾಗಬೇಡಿ. ವೋಲ್ವೊ ಎಕ್ಸ್‌ಸಿ90ರ ಬೋಲ್ಟುಗಳು 108 ಮಿ.ಮೀ. ವ್ಯಾಸದ ವೃತ್ತದಲ್ಲಿವೆ, ಆಡಿ ಕ್ಯೂ7ರವು 112ರಲ್ಲಿ. ನಾಲ್ಕು ಮಿ.ಮೀ. ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಒಂದರ ಚಕ್ರ ಇನ್ನೊಂದಕ್ಕೆ ಕೂರುವುದೂ ಇಲ್ಲ. ನಡುವಿನ ತೂತು, ಆಫ್‌ಸೆಟ್ (ಚಕ್ರ ಗಾಡಿಗೆ ಕೂರುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಸರಿದಿದೆ ಎಂಬ ಅಳತೆ), ಬೋಲ್ಟಿನ ತಲೆ ಕೂರುವ ಆಕಾರ ಇವೂ ಹೊಂದಬೇಕು. ಚಕ್ರದ ಮೇಲೆ ಅದು ಹೊರುವ ಭಾರ ಅಚ್ಚಾಗಿರಬೇಕು. ಇಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಬೇಡ.

ಟೈರಿನ ಬಗೆ ಆರಿಸುವುದು ಸುಲಭ. ತೋಟದ ಕೆಸರಿನಲ್ಲಿ ದಿನವೂ ಓಡಿಸದಿದ್ದರೆ ಹೆದ್ದಾರಿ ಟೈರೇ ಸಾಕು, ಗದ್ದಲ ಕಡಿಮೆ. ರನ್‌ಫ್ಲಾಟ್ ಟೈರು ಬಂದಿರುವ ಗಾಡಿಯಲ್ಲಿ ಸಾಮಾನ್ಯವಾಗಿ ಸ್ಟೆಪ್ನಿ ಇರುವುದಿಲ್ಲ. ಗಾಳಿ ಹೋದರೂ ಅವು ಗಂಟೆಗೆ 80 ಕಿ.ಮೀ. ಮೀರದಂತೆ ಸುಮಾರು 80 ಕಿ.ಮೀ. ಓಡುತ್ತವೆ. ಅವನ್ನು ತೆಗೆದು ಸಾಧಾರಣ ಟೈರು ಹಾಕಿಸುವವರು ಸ್ಟೆಪ್ನಿಯ ಏರ್ಪಾಡನ್ನೂ ಮಾಡಿಕೊಳ್ಳಬೇಕು. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿಗೆ ಒಂದೇ ಟೈರು ಬದಲಿಸುವುದು ಉಳಿತಾಯವಲ್ಲ. ಸವೆತದ ವ್ಯತ್ಯಾಸ ಹೆಚ್ಚಾದರೆ ಬಲ ಹಂಚುವ ಗೇರುಗಳಿಗೆ ಪೆಟ್ಟು.

ಅಂಗಡಿಯಲ್ಲಿ ಐಎಸ್‌ಐ ಗುರುತು, ತಯಾರಿಕೆಯ ನಾಲ್ಕಂಕಿ ನೋಡಿ: 2325 ಎಂದರೆ 2025ರ 23ನೇ ವಾರ. ಗಾಳಿ ಒತ್ತಡದ ಸೆನ್ಸರುಗಳನ್ನು ಹೊಸ ಚಕ್ರಕ್ಕೆ ಹಾಕಿಸಿ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಅಲ್ಲೇ ಮುಗಿಸಿ. ಬೋಲ್ಟುಗಳ ಕೊನೆಯ ಬಿಗಿತ ನಿಗದಿತ ಬಲಕ್ಕೆ ಬಿಗಿಯುವ ಟಾರ್ಕ್ ವ್ರೆಂಚಿನಲ್ಲೇ ಆಗಲಿ, 50–100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಿಸಿ. ಚಕ್ರ ಕದಿಯದಂತೆ ಹಾಕುವ ಲಾಕ್ ಬೋಲ್ಟಿನ ಕೀಲಿಯನ್ನು ಮೆಕ್ಯಾನಿಕ್ಕಿನಿಂದ ಮರೆಯದೆ ವಾಪಸು ಪಡೆದು ಗಾಡಿಯಲ್ಲೇ ಇಡಿ. ಅದಿಲ್ಲದಿದ್ದರೆ ದಾರಿಯ ಪಂಕ್ಚರ್ ಅಂಗಡಿಯವರು ಚಕ್ರ ಬಿಚ್ಚಲಾರರು.