ಉಣುಗು ಕಚ್ಚಿದರೆ ಉಗುರು ಬೇಡ, ಚಿಮಟ ಹುಡುಕಿ

ಬೆಟ್ಟಕ್ಕೆ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಲು ಹೋಗಿ ಬಂದ ಮರುದಿನ ಮೊಣಕಾಲ ಹಿಂದೆ ಏನೋ ತುರಿಕೆ. ಬೆರಳಾಡಿಸಿದರೆ ಎಳ್ಳುಕಾಳಿನಷ್ಟು ಗಟ್ಟಿಯಾದದ್ದು ತಾಗುತ್ತದೆ. ಉಗುರಿನಿಂದ ಕಿತ್ತು, ಹೇನು ಕುಟ್ಟುವ ಹಾಗೆ ಎರಡು ಹೆಬ್ಬೆರಳ ಉಗುರಿನ ನಡುವೆ ಕುಟ್ಟಿ ಬಿಸಾಕುವುದು ಮಲೆನಾಡಿನ ರೂಢಿ. ಇದರಲ್ಲಿ ತಪ್ಪು ಎರಡು. ಕಿತ್ತ ರೀತಿ ಒಂದು, ಕುಟ್ಟಿದ್ದು ಇನ್ನೊಂದು.

ಉಣುಗು, ಉಣ್ಣೆ, ಉಣ್ಣಿ ಎಂದು ಊರಿಗೊಂದು ಹೆಸರಿರುವ ಈ ಜೀವಿ ಜೇಡ, ಚೇಳುಗಳ ಬಳಗದ್ದು. ಹಾರುವುದಿಲ್ಲ, ನೆಗೆಯುವುದೂ ಇಲ್ಲ. ಹುಲ್ಲಿನ ತುದಿಗೋ ದರಗಿನ ಅಂಚಿಗೋ ಹತ್ತಿ, ಮುಂಗಾಲು ಚಾಚಿ ಕಾದು ಕೂರುತ್ತದೆ. ನಮ್ಮ ಉಸಿರಿನ ಸುಳಿವನ್ನು ಆ ಮುಂಗಾಲಿನಲ್ಲೇ ಹಿಡಿದು, ಬಟ್ಟೆ ಸವರಿದೊಡನೆ ಅಂಟಿಕೊಳ್ಳುತ್ತದೆ. ಆಮೇಲೆ ಮೇಲಕ್ಕೆ ಹರಿಯುತ್ತ ಬೆಚ್ಚಗಿನ, ಮೆತ್ತನೆಯ ಚರ್ಮ ಹುಡುಕುತ್ತದೆ. ಅದರ ಜೊಲ್ಲಿನಲ್ಲಿ ಚರ್ಮವನ್ನು ಮರಗಟ್ಟಿಸುವ ಅಂಶ ಇರುವುದರಿಂದ ಕಚ್ಚಿದ್ದು ಗೊತ್ತೇ ಆಗುವುದಿಲ್ಲ.

ನಮ್ಮಲ್ಲಿ ಉಣುಗನ್ನು ಹಗುರವಾಗಿ ತೆಗೆದುಕೊಳ್ಳಲಾಗದ್ದು ಮಂಗನ ಕಾಯಿಲೆಯಿಂದಾಗಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪತ್ತೆಯಾದ ಈ ರೋಗಕ್ಕೆ ಆ ಕಾಡಿನ ಹೆಸರೇ ನಿಂತಿದೆ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಇದರಿಂದ ತತ್ತರಿಸಿತ್ತು. ಮಂಗನಿಂದ ಮನುಷ್ಯನಿಗೆ ನೇರವಾಗಿ ಬರುವುದಲ್ಲ, ದಾಟಿಸುವುದು ಹೆಮಫೈಸಾಲಿಸ್ ಎಂಬ ಜಾತಿಯ ಉಣುಗು. ಮಳೆಗಾಲದಲ್ಲಿ ದನದ ಕಿವಿಯಲ್ಲಿ ನೇತಾಡುವ, ಕಡಲೆಕಾಳಿನಂತೆ ಉಬ್ಬಿದ ಉಣುಗು ಕಣ್ಣಿಗೆ ಭಯ ಹುಟ್ಟಿಸುತ್ತದೆ. ಆದರೆ ಜನರಿಗೆ ಹೆಚ್ಚಾಗಿ ರೋಗ ತರುವುದು ಅದಲ್ಲ, ಅದರ ಎಳೆಯ ರೂಪ. ಎಂಟು ಕಾಲಿನ, ಎಳ್ಳಿನ ಗಾತ್ರಕ್ಕಿಂತ ಹೆಚ್ಚಿಲ್ಲದ ಈ ಮರಿ ಉಣುಗಿನ ಕಾಲ ಮಳೆ ನಿಂತು ನೆಲ ಒಣಗಿದ ಮೇಲೆ. ಕಾಯಿಲೆ ಕಾಣಿಸುವುದೂ ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ. ದರಗು, ಸೌದೆ, ಸೀಗೆಕಾಯಿ ಎಂದು ಜನ ಬೆಟ್ಟ ಹತ್ತುವುದೂ ಅದೇ ತಿಂಗಳುಗಳಲ್ಲಿ.

ತೆಗೆಯುವುದು ಹೇಗೆ

ಬೇಕಾದದ್ದು ಚೂಪು ತುದಿಯ ಚಿಮಟ, ಸೋಪು, ನೀರು, ಸ್ವಲ್ಪ ಸ್ಪಿರಿಟ್ ಅಥವಾ ಪೊವಿಡೋನ್ ಅಯೋಡಿನ್, ಮುಚ್ಚಳ ಬಿಗಿಯಾಗಿ ಕೂರುವ ಒಂದು ಸಣ್ಣ ಡಬ್ಬಿ. ಹುಬ್ಬು ತೀಡುವ ಚಪ್ಪಟೆ ತುದಿಯ ಚಿಮಟ ದೊಡ್ಡ ಉಣುಗಿಗೆ ನಡೆದೀತು. ಮರಿಯನ್ನು ಹಿಡಿದರೆ ಹೊಟ್ಟೆ ಹಿಸುಕಿಹೋಗುತ್ತದೆ. ಬೆಳಕು ಚೆನ್ನಾಗಿರಲಿ. ಬೆನ್ನು, ತಲೆಯಲ್ಲಿ ಕಚ್ಚಿದ್ದರೆ ಸ್ವಂತ ಸಾಹಸ ಬೇಡ, ಮನೆಯವರನ್ನು ಕರೆಯಿರಿ.

ಚಿಮಟವನ್ನು ಚರ್ಮಕ್ಕೆ ಒತ್ತಿದಂತೆ ಇಟ್ಟು, ಉಣುಗಿನ ಬಾಯಿ ಚರ್ಮದೊಳಗೆ ಇಳಿದಿರುವಲ್ಲೇ ಹಿಡಿಯಬೇಕು. ಹೊಟ್ಟೆಯನ್ನು ಹಿಡಿಯಬಾರದು. ಹಿಡಿದ ಮೇಲೆ ನೇರ ಮೇಲಕ್ಕೆ, ಒಂದೇ ಹದದಲ್ಲಿ ಎಳೆಯಿರಿ. ಚರ್ಮ ಗುಡಾರದಂತೆ ಸ್ವಲ್ಪ ಎದ್ದು ನಿಲ್ಲುತ್ತದೆ. ಗಾಬರಿಯಾಗಿ ಜಗ್ಗಬೇಡಿ, ಬಿಡಲೂ ಬೇಡಿ, ಹಾಗೇ ಹಿಡಿದಿರಿ. ಕೆಲವು ಸೆಕೆಂಡುಗಳಲ್ಲಿ ಹಿಡಿತ ಸಡಿಲಿ ಉಣುಗು ಕಿತ್ತು ಬರುತ್ತದೆ. ಇಷ್ಟು ಗಟ್ಟಿಯಾಗಿ ಅದು ಕೂತಿರಲು ಕಾರಣವಿದೆ. ಬಾಯಿಯಲ್ಲಿ ಹಿಂಬದಿಗೆ ಬಾಗಿದ ಸಣ್ಣ ಮುಳ್ಳುಗಳಿರುತ್ತವೆ, ಸುತ್ತ ಸಿಮೆಂಟಿನಂತೆ ಗಟ್ಟಿಯಾಗುವ ಅಂಟನ್ನೂ ಸುರಿಸಿಕೊಂಡಿರುತ್ತದೆ. ಜೋರಾಗಿ ಜಗ್ಗಿದರೆ, ಸ್ಕ್ರೂ ತಿರುಗಿಸಿದಂತೆ ತಿರುಚಿದರೆ ದೇಹ ಕೈಗೆ ಬಂದು ಬಾಯಿ ಒಳಗೇ ಉಳಿಯುತ್ತದೆ.

ಹಾಗೆ ಉಳಿಯಿತು ಎನ್ನಿ. ಚಿಮಟಕ್ಕೆ ಸಿಕ್ಕರೆ ತೆಗೆಯಿರಿ, ಸಿಗದಿದ್ದರೆ ಬಿಟ್ಟುಬಿಡಿ. ಸೂಜಿ, ಪಿನ್ನು ಹಾಕಿ ಅಗೆದರೆ ಆಗುವ ಗಾಯ ಆ ಚೂರಿಗಿಂತ ಹೆಚ್ಚು ತೊಂದರೆ ಕೊಡುತ್ತದೆ. ಮುಳ್ಳಿನ ಚೂರಿನಂತೆ ಚರ್ಮವೇ ಕ್ರಮೇಣ ಅದನ್ನು ಹೊರದೂಡುತ್ತದೆ. ಆ ಜಾಗ ಕೆಂಪಾಗಿ ಹರಡಿದರೆ, ಕೀವು ಕಂಡರೆ ವೈದ್ಯರಿಗೆ ತೋರಿಸಿ.

ಬೆಟ್ಟದಲ್ಲೇ ಕಚ್ಚಿದ್ದು ಕಂಡು ಚಿಮಟ ಇಲ್ಲದಿದ್ದರೆ? ಹೊಲಿಗೆ ದಾರದ ಸಡಿಲ ಕುಣಿಕೆ ಮಾಡಿ, ಉಣುಗಿನ ಬಾಯಿಯ ಬುಡಕ್ಕೆ ಇಳಿಸಿ ಬಿಗಿದು, ಅದೇ ಹದದಲ್ಲಿ ಮೇಲೆಳೆಯಬಹುದು. ಅದೂ ಇಲ್ಲವೆಂದರೆ ಬೆರಳಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಚರ್ಮಕ್ಕೆ ಹತ್ತಿಸಿ ಹಿಡಿದು ತೆಗೆಯಿರಿ. ಮನೆ ಮುಟ್ಟುವವರೆಗೆ ಕಾಯುವುದಕ್ಕಿಂತ ಇದು ವಾಸಿ.

ಇನ್ನು ನಮ್ಮ ಮನೆಮದ್ದುಗಳು. ಸೀಮೆಎಣ್ಣೆ, ಕೊಬ್ಬರಿ ಎಣ್ಣೆ, ಸುಣ್ಣ, ಹೊಗೆಸೊಪ್ಪಿನ ರಸ, ಉರಿಯುವ ಬೀಡಿ, ಗೀರಿದ ಬೆಂಕಿಕಡ್ಡಿ. ‘ತಾನಾಗಿಯೇ ಕಳಚಿ ಬೀಳುತ್ತದೆ’ ಎಂಬ ನಂಬಿಕೆ ಇವೆಲ್ಲದರ ಹಿಂದಿದೆ. ಉಣುಗು ಮೂಗಿನಿಂದ ಉಸಿರಾಡುವ ಪ್ರಾಣಿಯಲ್ಲ. ಎಣ್ಣೆಯಲ್ಲಿ ಮುಳುಗಿಸಿದರೂ ಬಹಳ ಹೊತ್ತು ಜೀವಂತವಾಗಿ ಕಚ್ಚಿಕೊಂಡೇ ಇರುತ್ತದೆ. ಬಿಸಿ ತಾಗಿಸಿದರೆ, ಕೆಣಕಿದರೆ ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಕ್ಕೇ ಕಕ್ಕುವ ಸಂಭವ ಉಂಟು. ಸುಟ್ಟ ಬೊಬ್ಬೆ ಬೇರೆ.

ತೆಗೆದದ್ದನ್ನು ಕುಟ್ಟಬೇಡಿ. ಅದರ ರಸ ಬೆರಳಿನ ಬಿರುಕಿಗೆ, ಕಣ್ಣಿಗೆ ತಾಗುವುದು ಬೇಡ. ಸ್ಪಿರಿಟ್ ಇರುವ ಡಬ್ಬಿಗೆ ಹಾಕಿ ಮುಚ್ಚಿ, ಅಥವಾ ಸೆಲ್ಲೋ ಟೇಪಿನ ನಡುವೆ ಸಿಕ್ಕಿಸಿ ಮಡಚಿ. ಕಚ್ಚಿದ ಜಾಗ, ಕೈ, ಚಿಮಟ ಮೂರನ್ನೂ ಸೋಪಿನಲ್ಲಿ ತೊಳೆದು ಗಾಯಕ್ಕೆ ಸ್ಪಿರಿಟ್ ಹಚ್ಚಿ.

ಒಮ್ಮೊಮ್ಮೆ ಒಂದಲ್ಲ, ನೂರು ಹತ್ತುತ್ತವೆ. ಮೊಟ್ಟೆಯೊಡೆದ ಹೊಸ ಮರಿಗಳು ಒಂದೇ ಎಲೆಯ ಮೇಲೆ ಮುದ್ದೆಯಾಗಿ ಕೂತಿರುತ್ತವೆ. ಅದನ್ನು ಸವರಿದರೆ ಪ್ಯಾಂಟಿನ ಮೇಲೆ ಕಂದು ಪುಡಿ ಉದುರಿದಂತೆ ಕಾಣುತ್ತದೆ, ಪುಡಿ ಹರಿದಾಡುತ್ತದೆ. ಕೊಡವಿದರೆ ಹೋಗುವುದಿಲ್ಲ. ಅಗಲ ಟೇಪನ್ನು ಅಂಟು ಹೊರಗೆ ಬರುವಂತೆ ಕೈಗೆ ಸುತ್ತಿಕೊಂಡು ಬಟ್ಟೆ, ಚರ್ಮದ ಮೇಲೆ ಒತ್ತಿ ಒತ್ತಿ ತೆಗೆಯಿರಿ. ಕಚ್ಚಿಕೊಳ್ಳುವ ಮೊದಲು ಮಾತ್ರ ಈ ಉಪಾಯ ಫಲಿಸುತ್ತದೆ.

ಆಮೇಲಿನ ಎರಡು ವಾರ

‘24 ಗಂಟೆಯೊಳಗೆ ತೆಗೆದರೆ ಏನೂ ಆಗದು’ ಎಂಬ ಮಾತು ಇಂಟರ್‌ನೆಟ್ಟಿನಲ್ಲಿ ಓಡಾಡುತ್ತದೆ. ಅದು ಅಮೆರಿಕ, ಯೂರೋಪಿನ ಲೈಮ್ ಕಾಯಿಲೆಯ ಲೆಕ್ಕ. ಅದನ್ನು ತರುವುದು ಬ್ಯಾಕ್ಟೀರಿಯಾ. ಮಂಗನ ಕಾಯಿಲೆಯದು ವೈರಸ್. ಇದೇ ಬಳಗದ ಪೊವಾಸ್ಸನ್ ವೈರಸ್ ಉಣುಗು ಕಚ್ಚಿದ 15 ನಿಮಿಷದಲ್ಲೇ ಇಲಿಗಳಿಗೆ ದಾಟಿದ್ದು ಪ್ರಯೋಗದಲ್ಲಿ ಕಂಡಿದೆ. ಆದ್ದರಿಂದ ಗಡಿಯಾರ ನೋಡಿ ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಕಂಡ ಕೂಡಲೇ ತೆಗೆಯಿರಿ, ತೆಗೆದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಸೋಂಕು ತಗುಲಿದ್ದರೆ ಸಾಮಾನ್ಯವಾಗಿ 3ರಿಂದ 8 ದಿನದಲ್ಲಿ ಇದ್ದಕ್ಕಿದ್ದಂತೆ ಚಳಿಜ್ವರ, ಹಣೆ ಸಿಡಿಯುವ ತಲೆನೋವು, ಸೊಂಟ ಮತ್ತು ಮೀನಖಂಡಗಳಲ್ಲಿ ವಿಪರೀತ ನೋವು ಶುರುವಾಗುತ್ತದೆ. ಕಣ್ಣು ಕೆಂಪಾಗುವುದು, ವಾಂತಿ, ಭೇದಿ, ಮೂಗು ವಸಡಿನಲ್ಲಿ ರಕ್ತವೂ ಇರಬಹುದು. ಕಾಡಿಗೆ ಹೋಗಿದ್ದನ್ನು, ಉಣುಗು ಕಚ್ಚಿದ ತಾರೀಕನ್ನು ವೈದ್ಯರಿಗೆ ನೀವಾಗಿಯೇ ಹೇಳಿ. ಬೆಂಗಳೂರಿನಲ್ಲೋ ಮುಂಬೈಯಲ್ಲೋ ಜ್ವರ ಬಂದರಂತೂ ಅವರಿಗೆ ಇದು ಹೊಳೆಯುವುದು ಕಷ್ಟ. ಮೊದಲ ದಿನಗಳಲ್ಲೇ ರಕ್ತದ ಆರ್‌ಟಿ-ಪಿಸಿಆರ್ ಪರೀಕ್ಷೆಯಿಂದ ಗೊತ್ತಾಗುತ್ತದೆ. ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ನೀರಿನಂಶ, ರಕ್ತದ ಪ್ಲೇಟ್‌ಲೆಟ್ ನೋಡಿಕೊಂಡು ಆರೈಕೆ ಮಾಡುವುದೇ ಚಿಕಿತ್ಸೆ. ತಲೆನೋವೆಂದು ಅಂಗಡಿಯ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ, ರಕ್ತಸ್ರಾವ ಹೆಚ್ಚೀತು. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಕೆಲವರಿಗೆ ಮತ್ತೆ ಜ್ವರ ಬಂದು ನಡುಕ, ಮಂಪರು ಕಾಣಿಸುತ್ತದೆ. ಆಗಲೂ ಆಸ್ಪತ್ರೆಗೇ ಹೋಗಬೇಕು. ಒಬ್ಬರಿಂದ ಒಬ್ಬರಿಗೆ ಇದು ಹರಡುವುದಿಲ್ಲ, ರೋಗಿಯನ್ನು ದೂರ ಇಡಬೇಕಾಗಿಲ್ಲ.

ಕಚ್ಚಿಸಿಕೊಳ್ಳದಿರಲು

ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಸಾಕ್ಸಿನೊಳಗೆ, ಅಂಗಿ ಪ್ಯಾಂಟಿನೊಳಗೆ. ನೋಡಲು ಹೇಗಿದ್ದರೂ ಸರಿ, ಕೆಳಗಿನಿಂದ ಹತ್ತಿದ ಉಣುಗು ಬಟ್ಟೆಯ ಹೊರಗೇ ಉಳಿಯಬೇಕು. ತಿಳಿ ಬಣ್ಣದ ಬಟ್ಟೆಯಾದರೆ ಹರಿದಾಡುವುದು ಕಾಣುತ್ತದೆ. ಸೀರೆ, ಪಂಚೆಯಲ್ಲಿ ಹೋಗುವವರು ಒಳಗೊಂದು ಪ್ಯಾಂಟು ಹಾಕಿಕೊಂಡು ಗಮ್‌ಬೂಟು ತೊಡುವುದು ಒಳ್ಳೆಯದು.

ಆರೋಗ್ಯ ಇಲಾಖೆ ರೋಗ ಕಂಡ ಊರುಗಳಲ್ಲಿ ಹಂಚುವ, ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆಯನ್ನು ಹೊರಡುವ ಮುಂಚೆ ಕೈ, ಕಾಲು, ಕುತ್ತಿಗೆಗೆ ಹಚ್ಚಿ. ಕಣ್ಣು, ಬಾಯಿ, ಗಾಯಕ್ಕೆ ತಾಗದಿರಲಿ. ಚಾರಣಕ್ಕೆ ಬರುವವರು ಔಷಧಿ ಅಂಗಡಿಯಲ್ಲಿ 20ರಿಂದ 30 ಶೇಕಡ ಡೀಟ್ ಇರುವ ಸ್ಪ್ರೇ ಕೇಳಬಹುದು. ಇವೆಲ್ಲ ಬೆವರಿಗೆ ಇಳಿದುಹೋಗುತ್ತವೆ. ಬೆಳಿಗ್ಗೆ ಹಚ್ಚಿದ್ದು ಸಂಜೆಗೆ ಇರುತ್ತದೆಂದುಕೊಂಡವರೇ ಹೆಚ್ಚಾಗಿ ಕಚ್ಚಿಸಿಕೊಳ್ಳುವುದು. ಲೇಬಲ್ ನೋಡಿ ಮತ್ತೆ ಹಚ್ಚಿ.

ಕಾಲುದಾರಿಯ ನಡುವೆ ನಡೆಯಿರಿ. ಸುಸ್ತಾದಾಗ ದರಗಿನ ಮೇಲೆ ಕೂರಬೇಡಿ, ಒರಗಬೇಡಿ. ಬರಿ ಬಂಡೆ ನೋಡಿ ಕೂರಿ. ತಂದ ದರಗನ್ನು ಮನೆಯಂಗಳದಲ್ಲಿ ರಾಶಿ ಹಾಕಿದರೆ ಮಕ್ಕಳು ಅದರಲ್ಲೇ ಆಡುತ್ತಾರೆ. ಕಾಯಿಲೆ ಕಂಡ ವರ್ಷ ಆ ಬೆಟ್ಟದ ದರಗು ತರದಿರುವುದೇ ಸರಿ.

ಮನೆಗೆ ಬಂದವರು ಜಗಲಿಯಲ್ಲಿ ಕೂತು ಚಹಾ ಕುಡಿಯುವುದಕ್ಕೆ ಮೊದಲು ಸೀದಾ ಬಚ್ಚಲಿಗೆ ಹೋಗಲಿ. ಬಟ್ಟೆಯನ್ನು ಗೂಟಕ್ಕೆ ನೇತುಹಾಕದೆ ಕುದಿನೀರಿನಲ್ಲಿ ನೆನೆಹಾಕಿ. ತಣ್ಣೀರಿನಲ್ಲಿ ಉಣುಗು ಸಾಯುವುದಿಲ್ಲ. ಬಿಸಿನೀರು, ಸೋಪು ಹಾಕಿ ಮೈ ಉಜ್ಜುವಾಗ ಕಣ್ಣಿಗಿಂತ ಬೆರಳ ತುದಿಯನ್ನು ನಂಬಿ. ಮೊಣಕಾಲ ಹಿಂಬದಿ, ತೊಡೆಸಂದು, ಸೊಂಟದ ಪಟ್ಟಿ, ಹೊಕ್ಕುಳು, ಕಂಕುಳು, ಕಿವಿಯ ಹಿಂದೆ, ಕೂದಲಿನ ಬುಡ, ಕಾಲ್ಬೆರಳ ಸಂದು ತಪ್ಪಿಹೋಗುವ ಜಾಗಗಳು. ಮಕ್ಕಳ ತಲೆಯನ್ನು ದೊಡ್ಡವರೇ ನೋಡಬೇಕು.

ಕಾಡಿಗೆ ಮೇಯಲು ಹೋಗುವ ದನ ಉಣುಗನ್ನು ಕೊಟ್ಟಿಗೆಗೆ ತರುತ್ತದೆ. ರಕ್ತ ಹೀರಿ ಉದುರಿದ ಒಂದು ಹೆಣ್ಣು ಉಣುಗು ಸಾವಿರಾರು ಮೊಟ್ಟೆ ಇಡುತ್ತದೆ. ದನದ ಮೈಯಿಂದ ಕಿತ್ತದ್ದನ್ನು ಕಾಲಲ್ಲಿ ಹೊಸಕದೆ ಸೀಮೆಎಣ್ಣೆಯ ಡಬ್ಬಿಗೆ ಹಾಕಿ. ಮೈಗೆ ಹಚ್ಚುವ ಔಷಧಿಯ ಪ್ರಮಾಣವನ್ನು ಪಶುವೈದ್ಯರೇ ಹೇಳಲಿ, ಹಾಲು ಕರೆಯುವ ದನವಾದರೆ ಅದನ್ನೂ ತಿಳಿಸಿ.

ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಹೂಳಲೂ ಹೋಗಬೇಡಿ. ಹೆಣ ತಣ್ಣಗಾದೊಡನೆ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತಲಿನ ದರಗಿಗೆ ಸೇರುತ್ತವೆ. ಆಶಾ ಕಾರ್ಯಕರ್ತೆಗೋ ಅರಣ್ಯ ಸಿಬ್ಬಂದಿಗೋ ಜಾಗ ತಿಳಿಸಿದರೆ ಹೆಣ ಬಿದ್ದಲ್ಲಿಂದ ಸುತ್ತ 50 ಅಡಿಯವರೆಗೆ ಮೆಲಥಿಯಾನ್ ಎಂಬ ಕೀಟನಾಶಕದ ಪುಡಿ ಎರಚುತ್ತಾರೆ. ಆ ದಾರಿಯಲ್ಲಿ ದನ ಹೊಡೆಯುವುದನ್ನು ಆ ಬೇಸಿಗೆಗೆ ಬಿಟ್ಟುಬಿಡಿ.