ಬೋರ್ ನೀರಿನಲ್ಲೇ ಪೆಟೂನಿಯಾ: ನನ್ನ ಅನುಭವ

"ಬೋರ್ ನೀರಿಗೆ ಪೆಟೂನಿಯಾ ಬರಲ್ಲ, ಸುಮ್ನೆ ದುಡ್ಡು ದಂಡ" ಎಂದು ನಮ್ಮ ಬೀದಿಯಲ್ಲಿ ತಾರಸಿ ತೋಟ ಮಾಡುವವರೆಲ್ಲ ಹೇಳಿದ್ದರು. ಈ ಫೆಬ್ರವರಿಯಲ್ಲಿ ಅವರೇ ಬಂದು ಫೋಟೊ ತೆಗೆದುಕೊಂಡು ಹೋದರು. 22 ಕುಂಡ. ಎಲೆಯೇ ಕಾಣದಷ್ಟು ಹೂವು.

ಮೊದಲ ವರ್ಷ ನರ್ಸರಿಯಿಂದ 30 ಸಸಿ ತಂದಿದ್ದೆ, ಒಂದಕ್ಕೆ 35 ರೂಪಾಯಿ ಇರಬೇಕು. ಡಿಸೆಂಬರ್ ಹೊತ್ತಿಗೆ ಚಿಗುರೆಲೆಗಳು ಹಳದಿ, ನರ ಮಾತ್ರ ಹಸಿರು. ಗೊಬ್ಬರ ಸಾಲದು ಅಂದುಕೊಂಡು 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮನಾಗಿರುವ ಗೊಬ್ಬರ) ಹಾಕಿದೆ, ಆಮೇಲೆ ಮೆಗ್ನೀಸಿಯಂ ಕೊಡುವ ಎಪ್ಸಮ್ ಉಪ್ಪು, ಅದೂ ಆಗದೆ ಇನ್ನಷ್ಟು ಎರೆಗೊಬ್ಬರ. ಸಸಿ ಸೇರಿ 2,000ದ ಹತ್ತಿರ ಹೋಯಿತು. ಉಳಿದದ್ದು ನಾಲ್ಕು ಗಿಡ. ಎರಡನೇ ವರ್ಷ ಬೀಜ ತಂದು, ಮೇಲೆ ಮಣ್ಣು ಮುಚ್ಚಿ ಕೆಡಿಸಿದೆ. ಪೆಟೂನಿಯಾ ಬೀಜಕ್ಕೆ ಬೆಳಕು ಬೇಕು, ಮೇಲೆ ಉದುರಿಸಿ ಬಿಟ್ಟರೆ ಸಾಕು.

ಆ ವರ್ಷ ಮತ್ತೆ ತಂದ ಸಸಿಗಳಲ್ಲೂ ಒಂದೇ ಒಂದು ಕಡುಹಸಿರಾಗಿತ್ತು. ಅದು ಮಳೆನೀರಿನ ಡ್ರಮ್ಮಿನ ಪಕ್ಕದ್ದು. ಅಮ್ಮ ಅದಕ್ಕೆ ಡ್ರಮ್ಮಿನ ನೀರನ್ನೇ ಹಾಕುತ್ತಿದ್ದರು! ಅಲ್ಲಿಗೆ ಗೊತ್ತಾಯಿತು, ಗಿಡಕ್ಕೆ ಹಸಿವಲ್ಲ, ನಮ್ಮ ಗಡಸು, ಕ್ಷಾರದ ನೀರಿನಿಂದ ಮಣ್ಣಿನಲ್ಲಿರುವ ಕಬ್ಬಿಣ ಬೇರಿಗೆ ಸಿಗುತ್ತಿಲ್ಲ.

ನೀರಿನ ಕ್ಷಾರ ಇಳಿಸಲು ಮೊದಲು ಹುಳಿ ಮಜ್ಜಿಗೆ ಹಾಕಿ ನೋಡಿದೆ. ಇರುವೆ, ವಾಸನೆ, ಮನೆಯಲ್ಲಿ ಜಗಳ. ಬಿಟ್ಟೆ. ಆಮೇಲೆ ದಿನಸಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ). 20 ಲೀಟರ್ ಬಕೆಟ್‌ಗೆ ಸುಮಾರು ಒಂದು ಚಹಾ ಚಮಚ, ನೀರಿನ ಹುಳಿ-ಕ್ಷಾರ ತೋರಿಸುವ ಪಿಎಚ್ ಪಟ್ಟಿಯಲ್ಲಿ 6ರ ಹತ್ತಿರ ಬರುವವರೆಗೆ. ನಿಮ್ಮ ಬೋರ್ ನೀರೇ ಬೇರೆ, ಅಳೆದೇ ಹಾಕಿ. ಜೊತೆಗೆ ಇಡಿಡಿಎಚ್‌ಎ ಕಬ್ಬಿಣ (ಕ್ಷಾರದ ಮಣ್ಣಿನಲ್ಲೂ ಬೇರಿಗೆ ಸಿಗುವ ರೂಪದ ಕಬ್ಬಿಣ), ಲೀಟರ್‌ಗೆ ಅರ್ಧ ಗ್ರಾಂ, ತಿಂಗಳಿಗೆ ಎರಡು ಸಲ ಬುಡಕ್ಕೆ. ಇನ್ನೊಂದು ರೂಪ ಇಡಿಟಿಎ ಕಬ್ಬಿಣ ಅಗ್ಗ, ಆದರೆ ನಮ್ಮ ನೀರಿಗೆ ಅದು ಕೆಲಸ ಮಾಡಲಿಲ್ಲ. ಎರಡು ವಾರಕ್ಕೆ ಹೊಸ ಎಲೆ ಹಸಿರಾಗಿ ಬಂತು. ಇಡೀ ಸೀಸನ್‌ಗೆ ಇವೆರಡರ ಖರ್ಚು 400 ದಾಟಲಿಲ್ಲ.

ಚಿವುಟುವುದು ನಿಮಗೆ ಗೊತ್ತೇ ಇದೆ. ಆದರೆ ಬಾಡಿದ ಹೂವಿನ ದಳ ಮಾತ್ರ ಕಿತ್ತರೆ ಪ್ರಯೋಜನವಿಲ್ಲ, ಕೆಳಗಿನ ಹಸಿರು ಕಾಯಿಯೂ ಬರಬೇಕು. ಜನವರಿ ಕೊನೆಗೆ ಗಿಡ ಉದ್ದುದ್ದ ಹರಡಿದಾಗ ಅರ್ಧಕ್ಕೆ ಕತ್ತರಿಸಿದೆ, ನೋಡಿದವರು ಹೌಹಾರಿದರು. ಮೂರು ವಾರದಲ್ಲಿ ಬಂದದ್ದೇ ಆ ಫೆಬ್ರವರಿಯ ಹೂವು. 

ಮೊಗ್ಗು ಕೊರೆಯುವ ಹಸಿರು ಹುಳಕ್ಕೆ ಬೇವಿನೆಣ್ಣೆ ನನಗೆ ಅಷ್ಟಾಗಿ ಕೆಲಸ ಮಾಡಲಿಲ್ಲ. ರಾತ್ರಿ ಟಾರ್ಚ್ ಹಿಡಿದು ಕೈಯಿಂದಲೇ ಹೆಕ್ಕಿದೆ. ಆ ಹೊತ್ತಿಗೆ ನೇರಳೆ ಹೂವು ಎಷ್ಟು ಘಮ್ಮೆನ್ನುತ್ತದೆ, ಹಗಲಲ್ಲಿ ಗೊತ್ತೇ ಆಗುವುದಿಲ್ಲ ಅಲ್ವಾ?

ಈಗ ಹೂ ಬಿಡದ ತುದಿಗಳನ್ನು ಕೋಕೋಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ನೆಟ್ಟಿದ್ದೇನೆ. ಹನ್ನೆರಡರಲ್ಲಿ ಎಂಟಕ್ಕೆ ಬೇರು ಬಂದಿದೆ. ಬೇಸಿಗೆ ದಾಟಿಸಿಬಿಟ್ಟರೆ ಅಕ್ಟೋಬರ್‌ನಲ್ಲಿ ಸಸಿಗೆ ದುಡ್ಡು ಕೊಡಬೇಕಿಲ್ಲ.